ಅಪ್‌ಡೇಟ್: ಕಂಪನಿಗಳ ಸುಸ್ಥಿರತೆ ಅಳೆಯುವ ಮಾಡೆಲ್ ಕೊನೆಗೂ ದಾರಿಗೆ ಬಂತು

ಹತ್ತು ದಿನದ ಹಿಂದೆ ಕೇಳಿದ್ದೆ, ನೆನಪಿದೆಯಾ? ಕಂಪನಿಗಳ ಬಿಆರ್‌ಎಸ್‌ಆರ್ ವರದಿ (ಪರಿಸರ, ಕಾರ್ಮಿಕರು, ಆಡಳಿತದ ಬಗ್ಗೆ ಕಂಪನಿಗಳು ಪ್ರತಿ ವರ್ಷ ಕೊಡುವ ವರದಿ) ಓದಿ ಅಂಕ ಕೊಡುವ ನನ್ನ ಎಐ ಮಾಡೆಲ್, ಚಂದವಾಗಿ ಉದ್ದುದ್ದ ಬರೆದವರಿಗೇ ಜಾಸ್ತಿ ಅಂಕ ಕೊಡುತ್ತಿತ್ತು, ಸರಿಪಡಿಸೋದು ಹೇಗೆ ಅಂತ. ಅಪ್ಪನ ನಿವೃತ್ತಿ ಹಣ ಹೂಡುವ ವಿಷಯ, ಹಾಗಾಗಿ ನನಗೆ ನಿಜಕ್ಕೂ ಚಿಂತೆ.

ಹಣಕಾಸಿನ ಬರಹದ ಧಾಟಿ ಗುರುತಿಸುವ ಫಿನ್‌ಬರ್ಟ್ ಎಂಬ ರೆಡಿಮೇಡ್ ಮಾಡೆಲ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಅದು ಮಾತಿನ ಧಾಟಿ ಹಿಡಿಯುತ್ತದೆ, ಮಾಡಿದ ಕೆಲಸವನ್ನಲ್ಲ. ಇನ್ನಷ್ಟು ವರದಿ ಸೇರಿಸಿದರೂ ಅಷ್ಟೇ.

ಕೈ ಹಿಡಿದದ್ದು "ಪಿಡಿಎಫ್ ಬಿಡಿ, ಎಕ್ಸ್‌ಬಿಆರ್‌ಎಲ್ ಫೈಲ್ ತಗೊಳ್ಳಿ" ಎಂಬ ಸಲಹೆ. ಅಂದರೆ ಪ್ರತಿ ಅಂಕಿಗೂ ಹೆಸರಿನ ಗುರುತು ಹಚ್ಚಿದ, ಕಂಪ್ಯೂಟರ್ ನೇರವಾಗಿ ಓದಬಲ್ಲ ಫೈಲ್. 2022-23ರಿಂದ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಈ ವರದಿ ಕಡ್ಡಾಯ ಮಾಡಿದೆ. ಆ ಫೈಲಿನಲ್ಲಿ ನೀರು, ವಿದ್ಯುತ್, ಹೊಗೆಯ ಅಂಕಿಗಳು ಬೇರೆ ಬೇರೆಯಾಗಿ ಸಿಗುತ್ತವೆ. ಅವನ್ನು ವಹಿವಾಟಿನಿಂದ ಭಾಗಿಸಿ, ಒಂದೇ ಉದ್ಯಮದ ಕಂಪನಿಗಳ ನಡುವೆ ಮಾತ್ರ ಹೋಲಿಸಿದೆ.

ಒಂದು ರಾತ್ರಿ ಜಯನಗರದ ಮನೆಯಲ್ಲಿ ಕೂತು ನೋಡುತ್ತಿದ್ದಾಗ ಒಂದು ಕಂಪನಿಯ ನೀರಿನ ಬಳಕೆ ಒಂದೇ ವರ್ಷದಲ್ಲಿ ಸಾವಿರ ಪಟ್ಟು ಇಳಿದಿತ್ತು! ನೋಡಿದರೆ, ಹಿಂದಿನ ವರ್ಷ ಲೀಟರ್, ಈ ವರ್ಷ ಕಿಲೋಲೀಟರ್. ದಯವಿಟ್ಟು ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ನೋಡದೆ ಮಾಡೆಲ್‌ಗೆ ಕೊಡಬೇಡಿ.

ಇನ್ನೊಂದು ಗೊತ್ತಾಯಿತು. ಮಾಡೆಲ್‌ಗೆ ಕಲಿಸಲು ಸರಿ ಉತ್ತರ ಅಂತ ನಾನು ಇಟ್ಟುಕೊಂಡಿದ್ದು ಒಂದು ರೇಟಿಂಗ್ ಸಂಸ್ಥೆಯ ಅಂಕಗಳನ್ನು. ಆದರೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ರೇಟಿಂಗ್ ಸಂಸ್ಥೆಗಳ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂಕಗಳ ನಡುವಿನ ಸಹಸಂಬಂಧ ಸರಾಸರಿ 0.54 ಮಾತ್ರ (ಪೂರ್ತಿ ಹೊಂದಿದರೆ 1). ಅವರಲ್ಲೇ ಒಮ್ಮತ ಇಲ್ಲ ಅಂದಮೇಲೆ ಮಾಡೆಲ್ ಏನು ಕಲಿಯುತ್ತೆ, ಅಲ್ವಾ? ಈಗ ಒಂದೇ ಅಂಕ ಕೊಡೋದನ್ನು ಬಿಟ್ಟಿದ್ದೇನೆ. ನೀರು, ವಿದ್ಯುತ್, ಕಾರ್ಮಿಕರ ಸುರಕ್ಷತೆ ಬೇರೆ ಬೇರೆ ತೋರಿಸುತ್ತೇನೆ. ಅಪ್ಪ ಮೊದಲು ನೋಡಿದ್ದು ಸುರಕ್ಷತೆಯ ಸಾಲನ್ನೇ.