ಹಲಸಿನ ಚಿಪ್ಸ್ ಘಟಕಕ್ಕೆ ಸಬ್ಸಿಡಿ: ಮೊದಲು ಯಾವ ಬಾಗಿಲು ತಟ್ಟುವುದು?

ಪ್ರಶ್ನೆ (ಬ್ರಹ್ಮಾವರ ಹತ್ತಿರದಿಂದ):
ಸರ್, ನಮಸ್ಕಾರ. ನಾಲ್ಕು ವರ್ಷದಿಂದ ಮನೆ ಹಿಂದಿನ ಶೆಡ್ಡಿನಲ್ಲಿ ಹಲಸಿನ ಹಪ್ಪಳ, ಚಿಪ್ಸ್ ಮಾಡುತ್ತಿದ್ದೇನೆ. ಮೂವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ತಿಂಗಳಿಗೆ 60 ಸಾವಿರದಷ್ಟು ವ್ಯಾಪಾರ. ಡ್ರೈಯರ್, ಸ್ಲೈಸರ್, ಪ್ಯಾಕಿಂಗ್ ಮೆಷಿನ್ ಸೇರಿ 6 ಲಕ್ಷದ ಕೊಟೇಷನ್ ಉಂಟು. ಒಂದು ಕಚೇರಿಯಲ್ಲಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ) ಅರ್ಜಿ ಹಾಕಿ ಅಂದರು. ಹಾಕಿದೆ, ರಿಜೆಕ್ಟ್ ಆಯಿತು. ಬ್ಯಾಂಕಿನವರು ಮೊದಲು ಸಬ್ಸಿಡಿ ಆಗಲಿ ಅನ್ನುತ್ತಾರೆ. ಕಚೇರಿಯಲ್ಲಿ ಕೇಳಿದರೆ ಮೊದಲು ಬ್ಯಾಂಕ್ ಒಪ್ಪಲಿ ಅನ್ನುತ್ತಾರೆ. ಆರು ತಿಂಗಳು ಹೀಗೇ ಹೋಯಿತು. ಎಂತ ಮಾಡುವುದು?

ಉತ್ತರ (ನಿವೃತ್ತ ಕೈಗಾರಿಕಾ ವಿಸ್ತರಣಾಧಿಕಾರಿ):
ಮೇಡಂ, ರಿಜೆಕ್ಟ್ ಆದದ್ದು ನಿಮ್ಮ ತಪ್ಪಿನಿಂದ ಅಲ್ಲ. ಪಿಎಂಇಜಿಪಿ ಇರುವುದು ಹೊಸ ಘಟಕ ಶುರು ಮಾಡುವವರಿಗೆ. ನಾಲ್ಕು ವರ್ಷದಿಂದ ನಡೆಯುತ್ತಿರುವುದಕ್ಕೆ ಅದರಲ್ಲಿ ಜಾಗ ಇಲ್ಲ. ಇದನ್ನು ಮೊದಲ ದಿನವೇ ನಿಮಗೆ ಹೇಳಬೇಕಿತ್ತು.

ನಿಮಗೆ ಸರಿ ಹೊಂದುವುದು ಪಿಎಂಎಫ್‌ಎಂಇ. 2020ರಲ್ಲಿ ಬಂದ ಕೇಂದ್ರದ ಯೋಜನೆ, ಸಣ್ಣ ಆಹಾರ ಘಟಕಗಳಿಗೆ ಅಂತಲೇ ಮಾಡಿದ್ದು. ನಡೆಯುತ್ತಿರುವ ಘಟಕವನ್ನು ದೊಡ್ಡದು ಮಾಡಲಿಕ್ಕೂ ಆಗುತ್ತದೆ. ಆದರೆ ಇದು ಕೈಗಾರಿಕಾ ಇಲಾಖೆಯದ್ದಲ್ಲ. ನಮ್ಮ ರಾಜ್ಯದಲ್ಲಿ ಕೃಷಿ ಇಲಾಖೆ ಮತ್ತು ಕೆಪೆಕ್ (ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ನೋಡಿಕೊಳ್ಳುವುದು. ಹಪ್ಪಳ ಮಾಡುವವರು ಕೃಷಿ ಇಲಾಖೆಗೆ ಹೋಗಬೇಕು ಅಂತ ಯಾರಿಗೆ ಹೊಳೆಯುತ್ತದೆ, ಹೇಳಿ! 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಅಂತ ಮಾಡಿದ್ದೇ ಎಲ್ಲ ಒಂದೇ ಕಡೆ ಸಿಗಲಿ ಅಂತ. ಆಮೇಲೆ ಯೋಜನೆಗಳು ಒಂದೊಂದು ಇಲಾಖೆಗೆ ಒಂದೊಂದು ಹಂಚಿಹೋದವು. ಈಗ ಅವನ್ನು ಜೋಡಿಸುವ ಕೆಲಸ ಅರ್ಜಿ ಹಾಕುವವರ ತಲೆ ಮೇಲೆ.

ಈ ಯೋಜನೆಯಲ್ಲಿ ಒಂದು ಒಳ್ಳೆಯದುಂಟು. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್, ಆನ್‌ಲೈನ್ ಅರ್ಜಿ, ಬ್ಯಾಂಕ್ ಓಡಾಟ, ಎಲ್ಲದಕ್ಕೂ ಅವರು ಜೊತೆಗಿರಬೇಕು. ಅವರ ಸಂಭಾವನೆ ಸರ್ಕಾರದಿಂದ ಬರುತ್ತದೆ, ನೀವು ಕೊಡುವುದಕ್ಕಿಲ್ಲ. ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಫೋನ್ ಮಾಡಿ ನಿಮ್ಮ ತಾಲೂಕು ನೋಡುವವರ ನಂಬರ್ ತೆಗೆದುಕೊಳ್ಳಿ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಆಗಲೇ ಕೇಳಿ. ಇಂಥ ಯೋಜನೆಗಳಿಗೆ ಅವಧಿ, ಗುರಿ ಎರಡೂ ಇರುತ್ತವೆ.

ಇನ್ನು ಲೆಕ್ಕ. ಕೇಂದ್ರದ ಯೋಜನೆಯಲ್ಲಿ ಸಬ್ಸಿಡಿ 35%. ಕರ್ನಾಟಕ ತನ್ನ ಪಾಲು ಸೇರಿಸಿ 50% ಮಾಡಿದೆ, 15 ಲಕ್ಷದ ಮಿತಿಯೊಳಗೆ. ನಿಮ್ಮ 6 ಲಕ್ಷಕ್ಕೆ 3 ಲಕ್ಷ ಆಯಿತು. ಕೈಯಿಂದ ಕನಿಷ್ಠ 10%, ಅಂದರೆ 60 ಸಾವಿರ ಹಾಕಬೇಕು. ಬ್ಯಾಂಕ್ ಸಾಲ 5.4 ಲಕ್ಷ. ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಸಾಲದ ಖಾತೆಗೆ ಎದುರಾಗಿ ಬ್ಯಾಂಕಿನಲ್ಲೇ ಮೂರು ವರ್ಷ ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ಎಣ್ಣೆ, ಹಲಸು ಖರೀದಿಗೆ ಬೇಕಾದ ದುಡ್ಡಿಗೆ ಸಬ್ಸಿಡಿ ಇಲ್ಲ. ನಮ್ಮಲ್ಲಿ ಹಲಸು ಮೂರ್ನಾಲ್ಕು ತಿಂಗಳು ಮಾತ್ರ ಅಲ್ವಾ? ಆಗ ಒಟ್ಟಿಗೆ ಕೊಳ್ಳಬೇಕು. ಆ ದುಡ್ಡನ್ನು ಈಗಲೇ ಬೇರೆ ಯೋಚಿಸಿಟ್ಟುಕೊಳ್ಳಿ. ಮೆಷಿನ್ ಬಂದು, ಮಾಲು ಕೊಳ್ಳಲಿಕ್ಕೆ ಹಣವಿಲ್ಲದೆ ನಿಂತ ಘಟಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

‘ಮೊದಲು ಯಾರು’ ಅನ್ನುವ ಜಗಳಕ್ಕೆ ಬಂದರೆ, ಅರ್ಜಿ ಪೋರ್ಟಲ್‌ನಿಂದಲೇ ಬ್ಯಾಂಕಿಗೆ ಹೋಗುತ್ತದೆ. ಮೊದಲು ಸಾಲ, ಆಮೇಲೆ ಸಬ್ಸಿಡಿ. 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಜಾಗದ ಪತ್ರ ಅಡ ಕೇಳುವ ಹಾಗಿಲ್ಲ. ಫೈಲ್ ಸುಮ್ನೆ ಕೂತರೆ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯ ಮಾಡುವ ಬ್ಯಾಂಕು) ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ. ಉಡುಪಿಗೆ ಈಗ ಕೆನರಾ ಬ್ಯಾಂಕ್ ಲೀಡ್ ಬ್ಯಾಂಕ್. 2020ರಲ್ಲಿ ವಿಲೀನವಾಗುವವರೆಗೆ ಸಿಂಡಿಕೇಟ್ ಇತ್ತು. ದಿನಕ್ಕೆ ಎರಡಾಣೆ ಪಿಗ್ಮಿ ಕೂಡಿಸಿ ಬೆಳೆದ ಬ್ಯಾಂಕಿನ ಊರಲ್ಲಿ 5 ಲಕ್ಷದ ಸಾಲಕ್ಕೆ ಆರು ತಿಂಗಳು ಅಲೆದಾಟ, ಎಂತ ಹೇಳುವುದು ಮಾರಾಯ್ರೆ.

ಪ್ರಶ್ನೆ ಕೇಳಿದವರು:
ತುಂಬ ಉಪಕಾರ ಸರ್. ಮುಂಬೈಯ ಒಂದು ಅಂಗಡಿಯವರು ಮಾಲು ಕೇಳಿದ್ದಾರೆ. ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ಬೇಡ ಅಲ್ವಾ?

ಉತ್ತರ:
ಅಲ್ಲೇ ಒಂದು ಗಂಟು ಉಂಟು. ಹಪ್ಪಳಕ್ಕೆ ತೆರಿಗೆ ಇಲ್ಲ, ಚಿಪ್ಸ್‌ಗೆ ಉಂಟು. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಮಾರಿದರೆ ವ್ಯಾಪಾರ ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕು. ಹಾಗಾಗಿ ಮುಂಬೈಗೆ ಮೊದಲು ಹಪ್ಪಳ ಕಳಿಸಿ ನೋಡಿ. ಚಿಪ್ಸ್ ಕಳಿಸುವ ಮೊದಲು ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ.

ಇನ್ನೊಬ್ಬರು (ಸುರತ್ಕಲ್‌ನಿಂದ):
ಸರ್, ನನ್ನದು ಹೊಸದು, ಎಸಿ ರಿಪೇರಿ ಅಂಗಡಿ. ನನಗೂ ಇದೇನಾ?

ಉತ್ತರ:
ಇಲ್ಲ, ನಿಮಗೆ ಪಿಎಂಇಜಿಪಿ. ಸೇವಾ ಘಟಕಕ್ಕೆ 20 ಲಕ್ಷದವರೆಗೆ. ಮಂಗಳೂರಿನವರಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದ ಕಚೇರಿ ಯೆಯ್ಯಾಡಿಯಲ್ಲಿ. ಕೆಲಸ ಇನ್ನೂ ಕೈಗೆ ಹತ್ತದಿದ್ದರೆ ಉಜಿರೆಯ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. 1982ರಿಂದ ನಡೆಯುತ್ತಿದೆ, ಊಟ-ವಸತಿ ಸಹಿತ ತರಬೇತಿ ಉಚಿತ. ಬ್ರಹ್ಮಾವರದಲ್ಲೂ ಉಂಟು.

ಮತ್ತೊಬ್ಬರು (ಮಲ್ಪೆಯಿಂದ):
ನಾವು ಹತ್ತು ಜನರ ಸ್ವಸಹಾಯ ಸಂಘ. ಒಣಮೀನು ಪ್ಯಾಕ್ ಮಾಡಿ ಮಾರುತ್ತೇವೆ. ದೊಡ್ಡ ಸಾಲದ ಧೈರ್ಯ ಇಲ್ಲ.

ಉತ್ತರ:
ಧೈರ್ಯ ಇಲ್ಲದಿದ್ದರೆ ದೊಡ್ಡ ಸಾಲ ಬೇಡವೇ ಬೇಡ. ಅದೇ ಪಿಎಂಎಫ್‌ಎಂಇಯಲ್ಲಿ ಆಹಾರ ತಯಾರಿಸುವ ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನ ಉಂಟು. ಸರ್ಕಾರ ಅದನ್ನು ಒಕ್ಕೂಟಕ್ಕೆ ಕೊಡುತ್ತದೆ, ಸದಸ್ಯರು ಸಣ್ಣ ಸಾಲದ ಹಾಗೆ ಪಡೆದು ಸಂಘಕ್ಕೆ ವಾಪಸ್ ಕಟ್ಟಬೇಕು. ಬಂಡವಾಳಕ್ಕೆ, ಸಣ್ಣ ಸಲಕರಣೆಗೆ ಬಳಸಬಹುದು. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ ಕೇಳಿ. ಒಣಗಿಸುವ, ಪ್ಯಾಕ್ ಮಾಡುವ ವಿಷಯಕ್ಕೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರನ್ನು ಒಮ್ಮೆ ಕಂಡು ಬನ್ನಿ.

ಪ್ರಶ್ನೆ ಕೇಳಿದವರು:
ಕೊನೆಯದಾಗಿ ಒಂದು ಸರ್. ಈಗಲೇ 50 ಸಾವಿರ ಅಡ್ವಾನ್ಸ್ ಕೊಟ್ಟರೆ ಹಳೇ ರೇಟಿಗೆ ಮೆಷಿನ್ ಕೊಡುತ್ತೇನೆ ಅಂತ ಡೀಲರ್ ದಿನಾ ಫೋನ್ ಮಾಡುತ್ತಾರೆ.

ಉತ್ತರ:
ಕೊಡಬೇಡಿ ಮೇಡಂ. ಸಾಲ ಮಂಜೂರಾಗುವ ಮೊದಲು ಕೊಂಡದ್ದನ್ನು ಆಮೇಲೆ ಲೆಕ್ಕಕ್ಕೆ ತರುವುದು ಕಷ್ಟ. ಇನ್ನೂ ಎರಡು ಕಡೆ ಕೊಟೇಷನ್ ತರಿಸಿ. ಅದು ಗೊತ್ತಾದರೆ ಇವರ ರೇಟೂ ಇಳಿಯಬಹುದು.