ಅಮ್ಮನ ಜೊತೆ ಬೇಲೂರು, ಹಳೇಬೀಡು: ಒಂದೇ ದಿನದಲ್ಲಿ ಆಗುತ್ತಾ?

ರಾಜಾಜಿನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಬೇಲೂರಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ಸಮತಟ್ಟಾದ ಕಡೆ ಚೆನ್ನಾಗಿಯೇ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಜೊತೆಗೆ ನನ್ನ ಮಗ, ಒಂಬತ್ತು ವರ್ಷ, ಅವನಿಗೆ ದೇವಸ್ಥಾನ ಅಂದರೆ ಪ್ರಸಾದ ಅಷ್ಟೇ. ಮನೆಯವರಿಗೆ ರಜೆ ಸಿಗಲ್ಲ, ಕಾರು ನಾನೇ ಓಡಿಸಬೇಕು.

ನನ್ನ ಲೆಕ್ಕ ಹೀಗಿದೆ: ಬೆಳಗ್ಗೆ 5ಕ್ಕೆ ಮನೆ ಬಿಡುವುದು, ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರೂ ನೋಡಿಕೊಂಡು ರಾತ್ರಿ 11ಕ್ಕೆ ವಾಪಸ್. ಟೂರ್ ಬಸ್‌ನವರು ಇದನ್ನೇ ಮಾಡುತ್ತಾರಲ್ವಾ? ಅಮ್ಮ ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹೋಗಿದ್ದರಂತೆ. ಏನು ನೋಡಿದೆ ಅಂತ ಕೇಳಿದರೆ 'ಮೇಷ್ಟ್ರ ಬೆನ್ನು ನೋಡಿದೆ' ಅನ್ನುತ್ತಾರೆ. ಸಾಲಾಗಿ ಓಡಿಸಿಕೊಂಡು ಹೋದರಂತೆ, ಕನ್ನಡಿ ಹಿಡಿದವಳು ಎಲ್ಲಿದ್ದಾಳೆ ಅಂತ ಹುಡುಕುವಷ್ಟರಲ್ಲಿ ಬಸ್ ಹಾರ್ನ್ ಹೊಡೆಯಿತಂತೆ. ಹೋಗಿ ಬಂದವರು ಹೇಳಿ ಪ್ಲೀಸ್.

ಪೀಣ್ಯ ಫ್ಲೈಓವರ್:
ಆಗುತ್ತೆ ಮೇಡಂ, ನಾವು ಮಾಡಿದ್ದೇವೆ. ಆದರೆ ನಾವು ನಾಲ್ಕು ಜನ ಹುಡುಗರು, ಸರದಿ ಮೇಲೆ ಗಾಡಿ ಓಡಿಸಿದೆವು. ನಿಜ ಹೇಳಬೇಕೆಂದರೆ ಬೇಲೂರಿಗೆ ಬರುವಷ್ಟರಲ್ಲಿ ಯಾರಿಗೂ ಕಣ್ಣು ಬಿಡುವ ಶಕ್ತಿ ಇರಲಿಲ್ಲ, ಫೋಟೋ ನೋಡಿದ ಮೇಲೆಯೇ ಗೊತ್ತಾಗಿದ್ದು ಏನೇನಿತ್ತು ಅಂತ. ಶ್ರವಣಬೆಳಗೊಳ ಬಿಟ್ಟುಬಿಡಿ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಡೋಲಿ ಇದೆ, ಆದರೆ ಅಮ್ಮನವರು ಒಪ್ಪಬೇಕಲ್ಲ.

ಹಾಸನದವನು:
ಅಕ್ಕಾ, ನಮ್ಮೂರಿಗೆ ಬನ್ನಿ, ಆದರೆ ದಯವಿಟ್ಟು ಹೀಗೆ ಬರಬೇಡಿ. ಬೆಂಗಳೂರಿಂದ ಬೇಲೂರು ಸುಮಾರು 220 ಕಿಲೋಮೀಟರ್. ಹೋಗಿ ಬರುವುದಕ್ಕೇ ಎಂಟು ಒಂಬತ್ತು ಗಂಟೆ ಹಿಡಿಯುತ್ತೆ, ಅದನ್ನು ಒಬ್ಬರೇ ಓಡಿಸಿ ರಾತ್ರಿ ನೆಲಮಂಗಲದ ಟ್ರಾಫಿಕ್‌ನಲ್ಲಿ ನಿಲ್ಲುವುದು ಯಾಕೆ ಬೇಕು? ನಿಮ್ಮ ಅಮ್ಮನಿಗೆ ಆಗ ಮೇಷ್ಟ್ರು ಮಾಡಿದ್ದನ್ನೇ ಈಗ ನೀವು ಮಾಡುತ್ತೀರ ಅಷ್ಟೇ.

ಒಂದು ರಾತ್ರಿ ಉಳಿಯಿರಿ. ಹಾಸನದಲ್ಲಾದರೂ ಸರಿ, ಬೇಲೂರಿನಲ್ಲೇ ಆದರೂ ಸರಿ. ಮೊದಲ ದಿನ ಆರಾಮಾಗಿ ಹೊರಟು, ಹಾಸನದಲ್ಲಿ ಊಟ ಮಾಡಿ, ಮೂರು ಗಂಟೆ ಮೇಲೆ ಹಳೇಬೀಡಿಗೆ ಹೋಗಿ. ಯಾಕೆ ಅಂದರೆ ಹೊಯ್ಸಳೇಶ್ವರದ ಒಳ್ಳೆಯ ಕೆತ್ತನೆಯೆಲ್ಲ ಹಿಂದಿನ ಗೋಡೆಯಲ್ಲಿದೆ, ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕೈಲಾಸ ಎತ್ತುವ ರಾವಣನ ತೋಳುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಬೆಳಗ್ಗೆ ಹೋದರೆ ಆ ಗೋಡೆ ನೆರಳಲ್ಲಿರುತ್ತೆ. ಮಾರನೇ ದಿನ ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೆ ಬೇಲೂರು. ಅಲ್ಲಿಗೂ ಹಳೇಬೀಡಿಗೂ 16 ಕಿಲೋಮೀಟರ್ ಅಷ್ಟೇ.

ಬೇಲೂರಿಗೆ ಮಧ್ಯಾಹ್ನ ಮಾತ್ರ ಹೋಗಬೇಡಿ. ಚಪ್ಪಲಿ ಗೋಪುರದ ಹೊರಗೇ ಬಿಡಬೇಕು. ಅಂಗಳದ ಕಲ್ಲು ದೋಸೆ ಹಂಚಿನ ಹಾಗೆ ಕಾದಿರುತ್ತೆ, ಜನ ಒಂದು ನೆರಳಿಂದ ಇನ್ನೊಂದು ನೆರಳಿಗೆ ಕುಣಿದುಕೊಂಡು ಓಡುವುದು ನೋಡಬೇಕು ನೀವು. ಅಮ್ಮನಿಗೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಅದೂ ಅಲ್ಲದೆ ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ. ಇನ್ನು ಮಂಡಿ ವಿಷಯ. ಎರಡೂ ಕಡೆ ಗುಡಿ ಜಗತಿ ಮೇಲಿದೆ, ಅಂದರೆ ಎತ್ತರದ ಕಲ್ಲಿನ ಕಟ್ಟೆ ಮೇಲೆ, ನಾಲ್ಕಾರು ಎತ್ತರದ ಮೆಟ್ಟಿಲು, ಕೈ ಹಿಡಿದುಕೊಂಡರೆ ಆಗುತ್ತೆ. ಒಮ್ಮೆ ಹತ್ತಿದರೆ ಸುತ್ತು ಪೂರ್ತಿ ಸಮತಟ್ಟು.

ಇನ್ನೊಂದು ಮಾತು. ದಾರಿಯಲ್ಲಿ ಬೆಳ್ಳೂರು ಕ್ರಾಸ್ ಬರುತ್ತೆ. ಅದು ಬೇಲೂರು ಅಲ್ಲ! ಮ್ಯಾಪಿನಲ್ಲಿ ಇಂಗ್ಲಿಷ್ ಅಕ್ಷರ ಒಂದು ಆಚೀಚೆ ಆಗಿ ಅಲ್ಲಿಗೇ ಹೋಗಿ ನಿಂತು ಫೋನ್ ಮಾಡಿದವರನ್ನು ಕಂಡಿದ್ದೇನೆ.

ಶಾಸನದ ಹುಚ್ಚು:
ಹಾಸನದವರು ಹೇಳಿದ್ದೆಲ್ಲ ಸರಿ. ನಾನು ಸೇರಿಸುವುದು ಒಂದೇ: ಗೈಡ್ ಮಾಡಿಕೊಳ್ಳಿ, ಆದರೆ ಜಕಣಾಚಾರಿ, ಕಪ್ಪೆ, ಮಗ ಡಂಕಣ ಈ ಕಥೆಯಲ್ಲೇ ಅರ್ಧ ಗಂಟೆ ಕಳೆಯಬೇಡಿ. ಬೇಲೂರಿನ ಗುಡಿಯಲ್ಲಿ ನಿಜವಾದ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಹೀಗೆ. ಮದನಿಕೆಯರ, ಅಂದರೆ ಸೂರಿನ ಕೆಳಗಿರುವ ಸುಂದರಿಯರ ಶಿಲ್ಪಗಳ, ಕಾಲ ಬುಡದಲ್ಲಿ ಹಳಗನ್ನಡದಲ್ಲಿ ಕೆತ್ತಿದ್ದಾರೆ, ಎಲ್ಲಿ ಅಂತ ಗೈಡ್‌ಗೆ ಕೇಳಿ, ತೋರಿಸುತ್ತಾರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಒಂಬೈನೂರು ವರ್ಷದ ಹಿಂದೆ ಕೆಲಸಗಾರ ತನ್ನ ಸಹಿ ಹಾಕಿ ಹೋಗಿದ್ದಾನೆ, ನಾವು ಅದನ್ನು ಬಿಟ್ಟು ಇಲ್ಲದ ಜಕಣಾಚಾರಿಯನ್ನು ಹುಡುಕುತ್ತೇವೆ. ಸುಮ್ನೆ ಹೊಟ್ಟೆ ಉರಿಯುತ್ತೆ.

ಪೀಣ್ಯ ಫ್ಲೈಓವರ್:
ಸ್ವಾಮಿ, ಒಂಬತ್ತು ವರ್ಷದ ಹುಡುಗನಿಗೆ ಕಪ್ಪೆ ಕಥೆ ಬೇಡವಾ? ಹೇಳಲಿ ಬಿಡಿ.

ಶಾಸನದ ಹುಚ್ಚು:
ಕಪ್ಪೆ ಕಥೆ ಐದು ನಿಮಿಷ. ಆಮೇಲೆ ದಾಸೋಜ. ಒಪ್ಪಂದ?

ಮಲ್ಲೇಶ್ವರಂ 8ನೇ ಕ್ರಾಸ್:
ಹಳೇಬೀಡಿನಲ್ಲಿ ದೊಡ್ಡ ಗುಡಿ ನೋಡಿ ಹಾಗೇ ಗಾಡಿ ಹತ್ತಬೇಡಿ ರೀ. ಅಲ್ಲೇ ಹತ್ತಿರ ಬಸದಿಹಳ್ಳಿ ಇದೆ, ಮೂರು ಜೈನ ಬಸದಿಗಳು. ಟೂರ್ ಬಸ್ ಅಲ್ಲಿ ನಿಲ್ಲಿಸುವುದು ಕಡಿಮೆ, ಹಾಗಾಗಿ ಜನ ಇರಲ್ಲ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ನುಣುಪು ಕೊಟ್ಟಿದ್ದಾರೆ ಅಂದರೆ ಮುಖ ಕಾಣುತ್ತೆ. ಅಮ್ಮನನ್ನು ಅಲ್ಲಿ ಸ್ವಲ್ಪ ಕೂರಿಸಿ, ತಣ್ಣಗಿರುತ್ತೆ. ಗಾಡಿ ಓಡಿಸುವುದು ಕಷ್ಟ ಅನಿಸಿದರೆ ಯಶವಂತಪುರದಿಂದ ಕುಣಿಗಲ್ ಮೇಲೆ ಹಾಸನಕ್ಕೆ ರೈಲಿದೆ, ಅಲ್ಲಿಂದ ಟ್ಯಾಕ್ಸಿ ಮಾಡಿಕೊಳ್ಳಬಹುದು.

ರಾಜಾಜಿನಗರದ ಮಗಳು:
ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ದಿನ ಮಾಡಿದೆವು, ಶ್ರವಣಬೆಳಗೊಳ ಬಿಟ್ಟೆವು, ರಸ್ತೆಯಿಂದಲೇ ಬೆಟ್ಟಕ್ಕೆ ಕೈ ಮುಗಿದರು ಅಮ್ಮ. ದಾರಿಯಲ್ಲಿ ಒಂದು ಹೋಟೆಲ್‌ನಲ್ಲಿ ತಿಂದ ಇಡ್ಲಿ ಬಗ್ಗೆ ಮಾತಾಡುವುದು ಬೇಡ.

ಹಳೇಬೀಡಿನ ಸಂಜೆ ಬಿಸಿಲಿನ ಮಾತು ನಿಜ. ನಾಲ್ಕೂವರೆ ಆದ ಮೇಲೆ ಗೋಡೆ ಬಣ್ಣವೇ ಬೇರೆ ಆಯಿತು. ಮಗ ಕೆಳಗಿನ ಸಾಲಿನ ಆನೆ ಎಣಿಸಲು ಶುರು ಮಾಡಿದ, ನೂರು ದಾಟುವಷ್ಟರಲ್ಲಿ ಒಬ್ಬರು ಸೆಲ್ಫಿಗೆ ಅಡ್ಡ ನಿಂತು ಲೆಕ್ಕ ತಪ್ಪಿಸಿದರು, ಅಳುವುದೊಂದು ಬಾಕಿ. ಮಾರನೇ ದಿನ ಬೇಲೂರಿನ ಗೈಡ್ 'ಇಲ್ಲಿ ಸುಮಾರು 650 ಆನೆ, ಒಂದರ ಹಾಗೆ ಇನ್ನೊಂದಿಲ್ಲ' ಅಂದರು. ಅವತ್ತು ಪೂರ್ತಿ ಅವನು ಒಂದೇ ಥರ ಇರುವ ಎರಡು ಆನೆ ಹುಡುಕಿದ. ಎರಡು ಸಿಕ್ಕವು ಅಂತ ಹಠ. ಒಂದರ ಸೊಂಡಿಲು ಮುರಿದಿದೆ, ಅದಕ್ಕೇ ಹಾಗೆ ಕಾಣುತ್ತೆ ಅಂದರೆ ಕೇಳಲ್ಲ.

ಬೇಲೂರಿನಲ್ಲಿ ಅಮ್ಮ ಮುಂಬಾಗಿಲ ಹತ್ತಿರ ಸೂರಿನ ಕೆಳಗೆ ಕತ್ತೆತ್ತಿ ದರ್ಪಣಸುಂದರಿಯನ್ನು ನೋಡಿದರು. ಐವತ್ತು ವರ್ಷದ ಮೇಲೆ ಸಿಕ್ಕವಳು, ಕಣ್ಣಲ್ಲಿ ನೀರು ಬರುತ್ತೇನೋ ಅಂತ ನಾನು ಫೋನ್ ಹಿಡಿದು ಕಾಯುತ್ತಿದ್ದೆ. ಅಮ್ಮ 'ಇಷ್ಟೇ ಪುಟ್ಟವಳಾ? ಕ್ಯಾಲೆಂಡರ್‌ನಲ್ಲಿ ದೊಡ್ಡದಾಗಿ ಕಾಣುತ್ತಾಳೆ' ಅಂದು ಮುಂದೆ ಹೋದರು. ಅವರಿಗೆ ಹಿಡಿಸಿದ್ದು ಗಿಳಿ ಜೊತೆ ಮಾತಾಡುವವಳು. ಅಲ್ಲೇ ನಿಂತು, ನಮ್ಮ ಅಜ್ಜಿ ಮನೆಯಲ್ಲೂ ಒಂದು ಗಿಳಿ ಇತ್ತು, ಅದು ಹಾಲಿನವನ ಹೆಸರು ಕೂಗುತ್ತಿತ್ತು ಅಂತ ನಾನು ಯಾವತ್ತೂ ಕೇಳಿರದ ಕಥೆಯೊಂದನ್ನು ಗೈಡ್‌ಗೆ ಹೇಳಿದರು. ಗೈಡ್ ಪಾಪ ಪೂರ್ತಿ ಕೇಳಿಸಿಕೊಂಡರು.

ಶಾಸನದ ಹುಚ್ಚು ಅವರೇ, ದಾಸೋಜನ ಹೆಸರು ಕೇಳಿದೆ. ಗೈಡ್ ಖುಷಿಯಿಂದ ಟಾರ್ಚ್ ಹಾಕಿ ಅಕ್ಷರ ತೋರಿಸಿದರು, ಮಗ 'ದಾ' ಒಂದನ್ನು ತಾನೇ ಓದಿದೆ ಅನ್ನುತ್ತಾನೆ. ಕಪ್ಪೆ ಕಥೆ ಮಾತ್ರ ಇಪ್ಪತ್ತು ನಿಮಿಷ ಆಯಿತು.

ಹಾಸನದವನು:
ಸಾಕ್ಸ್ ಹಾಕಿಕೊಂಡರಾ ಅಕ್ಕಾ?

ರಾಜಾಜಿನಗರದ ಮಗಳು:
ಅಮ್ಮ ಹಾಕಿಕೊಂಡರು. ನಾನು ಕಾರಲ್ಲೇ ಬಿಟ್ಟು ಬಂದಿದ್ದೆ, ಹತ್ತೂವರೆಗೇ ಕುಣಿದೆ.