1880 ಮತ್ತು 1900ರ ಗಣತಿಗಳ ನಡುವೆ ಕಾಣೆಯಾದ ನೆಬ್ರಾಸ್ಕಾದ ಪೂರ್ವಿಕ

ಒಮಾಹಾದ ಸೊಸೆ:
ನನ್ನ ಪತಿಯ ಪೂರ್ವಿಕರು ನೆಬ್ರಾಸ್ಕಾದ ಬಯಲಿಗೆ ಮೊದಮೊದಲು ಬಂದು ನೆಲೆಸಿದ ಜರ್ಮನ್ ಒಕ್ಕಲಿಗರು. ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. 1880ರ ಜನಗಣತಿಯಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಯಜಮಾನ, 31 ವರ್ಷದ ಹೆಂಡತಿ, ಕ್ರಮವಾಗಿ ಇಲಿನಾಯ್, ಅಯೋವಾ, ನೆಬ್ರಾಸ್ಕಾಗಳಲ್ಲಿ ಹುಟ್ಟಿದ 11, 7 ಮತ್ತು 2 ವರ್ಷದ ಮಕ್ಕಳು ಸಿಕ್ಕರು. 1900ರಲ್ಲಿ ಆಕೆ ವಿಧವೆ. ವಯಸ್ಸು ಮಾತ್ರ 54! ಆತ ಯಾವಾಗ ತೀರಿಕೊಂಡನೆಂದು ತಿಳಿಯುವುದು ಹೇಗೆ? ನೆಬ್ರಾಸ್ಕಾದ 1870ರ ಪುಟಗಳಲ್ಲೂ ಈ ಕುಟುಂಬವಿಲ್ಲ.

ಹಳೆಯ ಕಡತ:
1890ರ ಗಣತಿಯನ್ನು ಹುಡುಕಿ ದಣಿಯಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಿಂದ, ಅದನ್ನು ಆರಿಸಲು ಸುರಿದ ನೀರಿನಿಂದ ಅದು ಹಾಳಾಯಿತು. ಅಳಿದುಳಿದದ್ದರಲ್ಲಿ ಅಲ್ಪಸ್ವಲ್ಪ ಬಿಟ್ಟು ಮಿಕ್ಕಿದ್ದನ್ನು ಸರ್ಕಾರವೇ ಮುಂದೆ ನಾಶಮಾಡಿತು. ಆದರೆ ಕೇಂದ್ರದ ಹಣದ ನೆರವಿನಿಂದ 1885ರಲ್ಲಿ ಗಣತಿ ನಡೆಸಿದ ಕೆಲವೇ ಪ್ರಾಂತಗಳಲ್ಲಿ ನೆಬ್ರಾಸ್ಕಾವೂ ಒಂದಾಗಿದ್ದುದು ನಿಮ್ಮ ಅದೃಷ್ಟ. ಅದರ ಜೊತೆಗಿನ ಮರಣಪಟ್ಟಿಯಲ್ಲಿ 1884ರ ಜೂನ್‌ನಿಂದ 1885ರ ಮೇ ವರೆಗೆ ತೀರಿಕೊಂಡವರ ಹೆಸರುಗಳಿರುತ್ತವೆ.

1870ರ ಮಟ್ಟಿಗೆ ನೀವು ತಪ್ಪು ರಾಜ್ಯದಲ್ಲಿ ಹುಡುಕುತ್ತಿದ್ದೀರಿ. ಮೊದಲ ಮಗು ಸುಮಾರು 1869ರಲ್ಲಿ ಇಲಿನಾಯ್‌ನಲ್ಲಿ, ಎರಡನೆಯದು 1873ರ ಹೊತ್ತಿಗೆ ಅಯೋವಾದಲ್ಲಿ ಹುಟ್ಟಿದೆಯೆಂದರೆ, 1870ರಲ್ಲಿ ಅವರು ಬಹುಶಃ ಇಲಿನಾಯ್‌ನಲ್ಲೇ ಇದ್ದರು. ಗಣತಿದಾರರು ಜರ್ಮನ್ ಮನೆತನದ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದುದರಿಂದ, ಮಗುವಿನ ಹೆಸರು ಮತ್ತು ವಯಸ್ಸನ್ನು ಹಿಡಿದು ಹುಡುಕುವುದೇ ಲೇಸು. ವಯಸ್ಸಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಉತ್ತರ ಕೊಟ್ಟವರು ಆಕೆಯೋ, ಮಗನೋ, ನೆರೆಯವರೋ. ಹೇಳಿದವರು ಯಾರೆಂದು ಗುರುತು ಹಾಕುವ ಕ್ರಮ ಬಂದದ್ದೇ 1940ರಲ್ಲಿ.

ಎಕರೆ-ಗುಂಟೆ:
ಗಣತಿಯಷ್ಟಕ್ಕೇ ನಿಲ್ಲದೆ ಜಮೀನಿನ ಕಡತವನ್ನೂ ತರಿಸಿ. ನೆಲೆಸಲು ಬಂದವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಪಡೆದವರು ಐದು ವರ್ಷ ಅಲ್ಲೇ ವಾಸವಿದ್ದು ಉತ್ತಿದ್ದನ್ನು ಇಬ್ಬರು ಸಾಕ್ಷಿಗಳ ಮೂಲಕ ರುಜುವಾತುಪಡಿಸಬೇಕಿತ್ತು. ನಡುವೆ ಗಂಡ ತೀರಿಕೊಂಡರೆ ವಿಧವೆಯೇ ಅವಧಿ ಪೂರೈಸಿ ಹಕ್ಕುಪತ್ರ ಪಡೆಯಬಹುದಿತ್ತು. ನಮ್ಮಲ್ಲಿಯ ಪೌತಿ ಖಾತೆ ನೆನಪಾಗುತ್ತದೆ. ಹಾಗೇನಾದರೂ ಆಗಿದ್ದರೆ ಆಕೆಯ ಹೇಳಿಕೆಯಲ್ಲಿ ಗಂಡನ ಸಾವಿನ ಪ್ರಸ್ತಾಪ ಇರಲೇಬೇಕು. ಈ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಒಮಾಹಾದ ಸೊಸೆ:
ಇಬ್ಬರಿಗೂ ಧನ್ಯವಾದಗಳು. 1885ರ ಗಣತಿಯಲ್ಲಿ ಆಕೆ ಆಗಲೇ ವಿಧವೆ, ಜೊತೆಗೆ ನಮಗೆ ಗೊತ್ತೇ ಇರದಿದ್ದ ನಾಲ್ಕು ವರ್ಷದ ಮಗುವೊಂದಿದೆ. ಮರಣಪಟ್ಟಿಯಲ್ಲಿ ಆತನ ಹೆಸರಿಲ್ಲವಾದ್ದರಿಂದ ಸಾವು 1884ರ ಜೂನ್‌ಗಿಂತ ಹಿಂದಿನದಿರಬೇಕು. ಜಮೀನಿನ ಕಡತಕ್ಕೆ ಅರ್ಜಿ ಹಾಕಿದ್ದೇನೆ. ಇಲಿನಾಯ್‌ನ 1870ರ ಪುಟದಲ್ಲಿ ಮಗುವಿನ ಹೆಸರಿನಿಂದಲೇ ಅವರು ಸಿಕ್ಕರು; ಆ ಮನೆಯಲ್ಲಿ ಪ್ರಷ್ಯಾದಲ್ಲೇ ಹುಟ್ಟಿದ 60 ವರ್ಷದ ಹೆಂಗಸೂ ಇದ್ದಾರೆ. ಆಕೆ ಯಜಮಾನನ ತಾಯಿಯೋ, ಅತ್ತೆಯೋ?

ಹಳೆಯ ಕಡತ:
ಯಜಮಾನನಿಗೆ ಏನಾಗಬೇಕೆಂಬ ಕಾಲಂ ಗಣತಿಗೆ ಸೇರಿದ್ದು 1880ರಲ್ಲಿ, ಹಾಗಾಗಿ 1870ರ ಪುಟದಿಂದ ಅದು ತಿಳಿಯದು. ಆ ಊರಿನ ಲೂಥರನ್ ಅಥವಾ ಕ್ಯಾಥೊಲಿಕ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಿ. ಮಗುವಿನ ಹೆಸರಿನ ಪಕ್ಕದಲ್ಲಿ ತಾಯಿಯ ತವರುಮನೆತನದ ಹೆಸರು ಸಿಗುವ ಸಂಭವವಿದೆ; ಆ ಹೆಂಗಸಿನ ಮನೆತನದ ಹೆಸರೂ ಅದೇ ಆಗಿದ್ದರೆ ಆಕೆ ಬಹುಶಃ ಅತ್ತೆ.